ಐದು ಅಕ್ಷರ

ಹೆಸರುಗಳು ನನ್ನ ಹತ್ತಿರ ತಡವಾಗಿ ಬರುತ್ತವೆ,
ಎಂಬತ್ತು ವರ್ಷ ತಡವಾಗಿ.
ತೊಟ್ಟಿಲ ಬಳಿ ಕೂಗಿದ್ದು ನನ್ನ ಶೆಡ್ಡಿಗೆ ಕೇಳಿಸುವಷ್ಟರಲ್ಲಿ
ಕೂಗಿದವರೂ ಇಲ್ಲ, ಓಗೊಟ್ಟವಳೂ ಇಲ್ಲ.
ಹಾಪ್ಸಾಲು ಊರಲ್ಲಿ ಗೋರಿಕಲ್ಲಿಗೆ ಅಕ್ಷರ ಕೊರೆಯುವವನು ನಾನು.
ಅಪ್ಪನೂ ಅದನ್ನೇ ಮಾಡಿದ, ಇದೇ ಉಳಿಯಿಂದ.

ಅಪ್ಪನ ಕಾಲದ ಕಲ್ಲುಗಳಲ್ಲಿ
ಎಲಿಸಬೆತ್, ಕಥರೀನಾ, ವಿಲ್ಹೆಲ್ಮಿನೆ:
ಪಾದ್ರಿಯ ಪುಸ್ತಕ ತೊಡಿಸಿದ ಜರ್ಮನ್ ಅಂಗಿಗಳು.
ಮನೆಯಲ್ಲಿ ಅವರು ಲೀಸು, ಕಾದ್ರಿ, ಮೀನಾ.

ಆಮೇಲೆ ಯಾರೋ, ಯಾವ ಊರೋ, ಯಾವ ಹಿತ್ತಲೋ,
ಮಗಳನ್ನು ಲೆಯ್ದಾ ಎಂದು ಕರೆದರು.
ನಮ್ಮ ಎಸ್ಟೋನಿಯನ್ನಿನಲ್ಲಿ ಅದೊಂದು ಕ್ರಿಯಾಪದ.
ಬಿದ್ದುಹೋದ ಸೂಜಿಯನ್ನು, ಮಂಜಿನಲ್ಲಿ ತಪ್ಪಿದ ಕರುವನ್ನು
ಕಂಡುಹಿಡಿಯುವುದು.
"ಇಲ್ಲ, ಹೆಸರು ಬೇರೆಲ್ಲಿಂದಲೋ ಬಂತು,
ಶಬ್ದ ಹೊಂದಿಕೊಂಡಿತು, ಅಷ್ಟೆ" ಎನ್ನುತ್ತಿದ್ದ ಅಪ್ಪ.
ಅವನಿಗೆ ಎಲ್ಲದಕ್ಕೂ ಒಂದು "ಇಲ್ಲ" ಇತ್ತು.

ಏನೇ ಇರಲಿ, ಗಾಳಿ ಹಿಡಿಯಿತು.
ದೇಶ ಹೊಸದು, ಬಾವುಟ ಹೊಸದು, ಹಾಲಿನ ಕ್ಯಾನೂ ಹೊಸದು.
ಒಂದು ಶಾಲೆ, ಒಂದೇ ಬೆಂಚು, ಮೂರು ಲೆಯ್ದಾ:
ಉದ್ದ ಲೆಯ್ದಾ, ಗಿರಣಿ ಲೆಯ್ದಾ,
ಮೂರನೆಯವಳಿಗೆ ಗುರುತೇ ಸಿಗದೆ
"ಇನ್ನೊಬ್ಬಳು."

ಮಾರ್ಚ್ ತಿಂಗಳ ಆ ರಾತ್ರಿ ಪಟ್ಟಿಯಲ್ಲೂ ಆ ಹೆಸರಿತ್ತು,
ಬೇರೆ ಲಿಪಿಯಲ್ಲಿ, ಒಂದು ತಪ್ಪೂ ಇಲ್ಲದೆ.
ಗಿರಣಿ ಲೆಯ್ದಾ ಹಿಟ್ಟಿನ ಮೂಟೆಗಳ ಹಿಂದೆ ಅಡಗಿದ್ದಳಂತೆ.
ಕಂಡುಹಿಡಿದರು.
ಕ್ರಿಯಾಪದ ಆ ರಾತ್ರಿ ಅವರ ಕಡೆ ಸೇರಿತು,
ಸೈಬೀರಿಯದವರೆಗೂ ಜೊತೆಗೆ ಹೋಯಿತು.

ಆಮೇಲೆ ಹುಟ್ಟಿದವರೆಲ್ಲ ತೀನಾ, ಸಿರ್ಯೆ, ಉರ್ವೆ.
ಲೆಯ್ದಾ ಎಂದರೆ ಈಗ ನಾಟಕಶಾಲೆಯಲ್ಲಿ ಕೋಟು ಎಣಿಸುವ ಹೆಂಗಸು,
ನುಸಿಗುಳಿಗೆ ವಾಸನೆಯ ಸೋದರತ್ತೆ,
ಕೊನೆಗೆ, ಸಾಮೂಹಿಕ ಫಾರ್ಮಿನ ಹದಿನೇಳನೇ ಹಸು.
ನನ್ನ ಹೆಂಡತಿ ಕರೆಯುತ್ತಿದ್ದಳು ಅದರ ಹಾಲು:
"ಲೆಯ್ದಾ, ಕಾಲು ತೆಗಿ, ನಿನ್ನ ವಂಶ ಹಾಳಾಗ!"

ಅಲೆ ನನ್ನ ಶೆಡ್ಡಿಗೆ ಬಂದಿದ್ದು
ನನ್ನ ಗಡ್ಡ ನೆರೆಯತೊಡಗಿದಾಗ.
ಕೆಲವು ಚಳಿಗಾಲ ವಾರಕ್ಕೊಂದು ಲೆಯ್ದಾ.
ಕೈಗೆ ಬಾಯಿಪಾಠವಾಯಿತು:
ಒಂದು ಮೂಲೆ, ಒಂದು ಬಾಚಣಿಗೆ, ಒಂದು ಕಂಬ,
ಒಂದು ಬಿಲ್ಲು, ಒಂದು ಏಣಿ.
ಬಿಲ್ಲೇ ಕಷ್ಟ. ಗ್ರಾನೈಟು ಬಾಗೆನ್ನುತ್ತದೆ,
ಮೊಣಕೈ ಬೇಡೆನ್ನುತ್ತದೆ.
ಆಮೇಲೆ ತಿಂಗಳಿಗೊಂದು. ವರ್ಷಕ್ಕೊಂದು.
ನಾಲ್ಕು ವರ್ಷ ಒಂದೂ ಬರಲಿಲ್ಲ.
ಸಾಯುವುದರಲ್ಲೂ ಫ್ಯಾಶನ್ ಇದೆ ಎಂದು ನಗುವುದೋ ಬೇಡವೋ
ಗೊತ್ತಾಗದೆ, ಉಳಿಗಳಿಗೆ ಸಾಣೆ ಹಿಡಿದೆ.

ಕಳೆದ ಅಕ್ಟೋಬರಿನಲ್ಲಿ ಒಬ್ಬಳು ಬಂದಳು, ರಬ್ಬರ್ ಬೂಟು,
ಕೈಯಲ್ಲಿ ಮಗಳು. ಅಜ್ಜಿಯ ಕಲ್ಲನ್ನು
ಪಾಚಿ ತಿಂದಿದೆ, ಅಕ್ಷರ ಮತ್ತೆ ಆಳ ಮಾಡಬೇಕು.
ಮಗುವಿಗೆ ನಾಲ್ಕೋ ಐದೋ. ಮೂಗು ಸೋರುತ್ತಿತ್ತು.
ಹೊಸದಾಗಿ ಅಕ್ಷರ ಕಲಿತ ಮಕ್ಕಳ ಬೆರಳಿಗೆ
ಸುಮ್ಮನಿರಲು ಬರುವುದಿಲ್ಲ:
ಮೂಲೆಯಿಂದ ಇಳಿಯಿತು, ಬಾಚಣಿಗೆ ಹಲ್ಲು ಎಣಿಸಿತು,
ಕಂಬ, ಬಿಲ್ಲು, ಏಣಿ ಹತ್ತಿ ಇಳಿದು ನಿಂತಿತು.
"ಇದು ನಾನು."

ತಾಯಿ ಕೆಂಪಾದಳು. "ಅಜ್ಜಿಯ ಹೆಸರನ್ನೇ ಇಟ್ಟೆವು.
ಅಪರೂಪದ್ದು ಅಂದುಕೊಂಡೆವು.
ಇವಳ ಶಿಶುವಿಹಾರದಲ್ಲೇ ಇನ್ನೂ ಇಬ್ಬರಿದ್ದಾರೆ."

ಮಗು ನನ್ನನ್ನೇ ನೋಡಿತು, ಮಾಲೀಕ ನಾನೇ ಎಂಬಂತೆ.
"ನಾನು ಇದರ ಕೆಳಗೆ ಇದ್ದೀನಾ?"
"ಇಲ್ಲ" ಎಂದೆ.
ಅಪ್ಪನ ಗಂಟಲೇ ಅದು.

ಸೀಮೆಸುಣ್ಣ ಕೊಟ್ಟೆ. ಅಂಗಳದಲ್ಲಿದ್ದ ಕೊರೆಯದ ಕಲ್ಲಿನ ಮೇಲೆ
ಬರೆದಳು, ನಾಲಿಗೆ ಹೊರಗೆ ಹಾಕಿ,
ಬಿಲ್ಲು ಹಿಂದುಮುಂದಾಗಿ ಹೆದೆ ಆ ಕಡೆಗೆ.
ಎಂಬತ್ತು ಕೂಡಿಸಲು ಹೋದೆ, ಬಿಟ್ಟೆ.

ಸೋಮವಾರ ಮಳೆ ಬಂತು.
ಕಲ್ಲು ಹೊರಗೇ ಇತ್ತು.