ಡಬ್ಬಿ ನಂಬರು ನೂರ ಹದಿನೇಳು

ಸೀಲು ಒಡೆಯುವ ಮೊದಲೇ ಮೂಗಿಗೆ ಗೊತ್ತು
ಇದು ದೇವರಾಜ ಮಾರುಕಟ್ಟೆಯದು:
ವೀಳ್ಯದೆಲೆಯ ತೇವ, ಅರಿಸಿನದ ಪುಡಿ,
ಜವರಮ್ಮ ಹೂವಿಗೆ ಚಿಮುಕಿಸಿದ ನೀರಿಗೆ ತುಕ್ಕು ಹಿಡಿದ ತಳ.
ಮಂಡಿ ಮೊಹಲ್ಲಾದ ಡಬ್ಬಿಗೆ ಜಿಡ್ಡು ಜಾಸ್ತಿ,
ಮುನೀರ್ ಪಾಷಾ ಕೈ ಒರೆಸಿಕೊಳ್ಳದೆ ಹಾಕುತ್ತಾನೆ.

ಹನ್ನೊಂದು ವರ್ಷವಾಯಿತು ಎಣಿಸುತ್ತ.
ಹತ್ತರ ನೋಟಿನ ಮಡಿಕೆ ಬಿಡಿಸಿ, ನೀವಿ,
ಸಲ್ಲದ ನಾಲ್ಕಾಣೆ ಬೇರೆ ಇಟ್ಟು.
ಅದನ್ನೂ ಯಾರೋ ನಂಬಿಯೇ ಹಾಕಿದ್ದು.
ಡಬ್ಬಿಯ ಮೇಲೆ ಬರೆದಿದೆ:
‘ನಿಮ್ಮ ಒಂದು ರೂಪಾಯಿ, ಅವರ ಒಂದು ಬೆಳಗು.’

ಈ ಸಲ ವಾರ್ಷಿಕ ವರದಿ ಕವರಿಗೆ ತುಂಬುವ ಕೆಲಸ ನನಗೆ ಬಂತು.
ನುಣುಪು ಹಾಳೆ, ಬೆರಳು ಜಾರುತ್ತದೆ.
ಮೊದಲ ಇಪ್ಪತ್ತು ಪುಟ ನಗುವ ಅಜ್ಜಿಯರು.
ಲೆಕ್ಕ ಇರುವುದು ಕೊನೆಗೆ, ಸಾಸಿವೆಯಂಥ ಅಕ್ಷರದಲ್ಲಿ.
ನೂರು ರೂಪಾಯಿ ಬಂದರೆ
ಪೊರೆ ತೆಗೆಯಲು ಹತ್ತೊಂಬತ್ತು.
ಮಿಕ್ಕದ್ದರ ಹೆಸರು ‘ಜಾಗೃತಿ’.
ಜಾಗೃತಿ ಎಂದರೆ
ರಿಂಗ್ ರಸ್ತೆಯ ಫಲಕ, ಕ್ಯಾಲೆಂಡರು,
ದಾನಿಗಳ ರಾತ್ರಿಯೂಟ, ಅದರ ಹೂಗುಚ್ಛ,
ಇನ್ನಷ್ಟು ಡಬ್ಬಿ.

ಯಾದವಗಿರಿಯ ಕಚೇರಿ ಹಿಂದೆ
ಟಾರ್ಪಾಲು ಹೊದ್ದು ಮಲಗಿದೆ ಕಣ್ಣಿನ ಬಸ್ಸು.
ಬನ್ನೂರಿಗೆ ಹೋಗಿ ಮೂರು ವರ್ಷ.
ಚಕ್ರದಡಿ ನಾಯಿ ಮರಿ ಹಾಕಿದೆ.
ದೊಡ್ಡ ದಾನಿ ಬರುವ ದಿನ
ತೊಳೆದು, ಹೆಡ್‌ಲೈಟ್ ಹಚ್ಚಿ, ಫೋಟೊ.
ಬಸ್ಸಿಗಂತೂ ಎರಡೂ ಕಣ್ಣು ಚೆನ್ನಾಗಿವೆ.

ಲೆಕ್ಕದ ಕೋಣೆಯಲ್ಲಿ ವಾಸುಕಿ ಸಾರನ್ನು ಕೇಳಿದೆ.
ಮೋಸ ಏನಿಲ್ಲಪ್ಪ, ಎಂದರು,
ಪ್ರತಿಯೊಂದಕ್ಕೂ ಓಚರಿದೆ.
ನಿಜ, ಇದೆ.
ಓಚರು ನಾನೂರ ಆರು: ನನ್ನ ಸಂಬಳ.
‘ನಿಧಿ ಸಂಗ್ರಹ ವೆಚ್ಚ’ದ ಕೆಳಗೆ
ನಾನು, ನನ್ನ ಬಸ್ ಪಾಸು,
ಮಗಳ ಫೀಸಿಗೆಂದು ತೆಗೆದುಕೊಂಡ ಮುಂಗಡ,
ಹೂಗುಚ್ಛದ ಪಕ್ಕದ ಸಾಲಿನಲ್ಲೇ.
ಬಯ್ಯಲೆಂದು ತೆರೆದ ಬಾಯಿ
ಹಾಗೇ ಆಕಳಿಸಿ ಮುಚ್ಚಿತು.

ಇವತ್ತು ಖಾಲಿ ಡಬ್ಬಿ ವಾಪಸು ಇಡಲು ಹೋದೆ.
ಜವರಮ್ಮ ಸೇವಂತಿಗೆ ಮೊಳ ಹಾಕುತ್ತಿದ್ದಳು,
ಮುಖ ಎತ್ತಲೋ, ಬರೀ ಬೆರಳಲ್ಲಿ ನೋಡುತ್ತ.
ಎಡಗಣ್ಣಲ್ಲಿ ಮಜ್ಜಿಗೆ ಚೆಲ್ಲಿದಂಥ ಬಿಳುಪು.
ಇಷ್ಟು ವರ್ಷ ಅವಳ ಡಬ್ಬಿಯ ಮೂತಿಯನ್ನೇ ನೋಡಿದ್ದೆ.
‘ನಿಮ್ ಬಸ್ಸು ಯಾವಾಗ ಬತ್ತದಪ್ಪ ಇತ್ತಾಗೆ?’
ಅನ್ನುತ್ತ ಸೊಂಟದ ಚೀಲದಿಂದ ಎರಡು ರೂಪಾಯಿ ತೆಗೆದಳು,
ಡಬ್ಬಿ ತಡವಿದಳು,
ಸೀಳು ಹುಡುಕಿ ಹಾಕಿದಳು.
ಖಾಲಿ ಡಬ್ಬಿಯಲ್ಲಿ ಒಂಟಿ ನಾಣ್ಯ
ಸುಮ್ಮನಾಗಲು ಎಷ್ಟು ಹೊತ್ತು ಹಿಡಿಯಿತು.

ಬತ್ತದೆ, ಅಂದೆ.
ಆ ಮಾತಿಗೆ ಓಚರಿಲ್ಲ.