ಪಾಲು

ಬಿಣಗಾ ಇಗರ್ಜಿಯ ಹಿಂದಿನ ಶೆಡ್ಡು. ಭಾನುವಾರದ ಪಾಠ,
ಹನ್ನೊಂದು ಮಕ್ಕಳಿಗೆ ಒಂದೇ ಫ್ಯಾನು.
ಬೋರ್ಡಿನ ಮೇಲೆ ಮರುಭೂಮಿಯ ಗುಡಾರ ಬರೆದೆ,
ವೇದಿಯ ನಾಲ್ಕು ಮೂಲೆಗೆ ನಾಲ್ಕು ಕೊಂಬು.
ರೋಯ್ಲಾ ಕೇಳಿದಳು:
ಟೀಚರ್, ಕುರಿ ಕಡಿಯುವವನು ಯಾಜಕನಾ?

ಅಲ್ಲ ಮಗಾ, ತಂದವನೇ ಕಡಿಯಬೇಕು.
ಮೊದಲು ಅದರ ತಲೆಯ ಮೇಲೆ ಕೈ ಊರಬೇಕು,
ಸವರಿದ ಹಾಗಲ್ಲ, ಮೈಭಾರ ಬಿಟ್ಟು.
ಯಾಜಕನ ಕೆಲಸ ಶುರುವಾಗುವುದು ಆಮೇಲೆ:
ಬೋಗುಣಿಯಲ್ಲಿ ಬಿಸಿರಕ್ತ ಹಿಡಿದು
ವೇದಿಯ ಸುತ್ತ ಎರಚುವುದು,
ಕಟ್ಟಿಗೆ ಒಟ್ಟುವುದು, ಕೊಬ್ಬು ಸುಡುವುದು,
ಬೆಳಗಾದರೆ ಬೂದಿ ಬಳಿದು ಬಟ್ಟೆ ಬದಲಿಸಿ
ಪಾಳೆಯದ ಹೊರಗೆ ಹೊತ್ತು ಸಾಗಿಸುವುದು.
ಪಾರಿವಾಳ ತಂದರೆ ಮಾತ್ರ ಕುತ್ತಿಗೆ ಮುರಿಯುವವನು ಅವನೇ.
ಬಡವನ ಕೈಗೆ ಅಷ್ಟಾದರೂ ರಿಯಾಯಿತಿ.
ಮತ್ತೆ ಉಪ್ಪು. ಉಪ್ಪಿಲ್ಲದ್ದು ಯಾವುದೂ ವೇದಿ ಹತ್ತುವುದಿಲ್ಲ.

ಉಪ್ಪು ಅಂದದ್ದೇ ನನ್ನ ಬೆರಳುಗಳಿಗೆ ವಾಸನೆ ಬಂತು.

ಕೋಡಿಬಾಗದ ತಿರುವಿನಲ್ಲಿ ಪಪ್ಪಾನ ಅಂಗಡಿ.
ಕತ್ತಿ ಎತ್ತುವ ಹೊತ್ತಿಗೆ ಗಿರಾಕಿಗಳೆಲ್ಲ
ಆಚೆ ಮುಖ ಮಾಡಿ ನಿಲ್ಲುತ್ತಿದ್ದರು,
ಕಾಳಿ ನದಿಯನ್ನು ಈಗಷ್ಟೇ ಕಂಡವರ ಹಾಗೆ.
ಸಂಜೆ ಹುಣಸೆಯ ಕೊರಡಿನ ಮೇಲೆ
ಸಾಣಿಕಟ್ಟಾದ ಹರಳುಪ್ಪು ಸುರಿದು ಉಜ್ಜುತ್ತಿದ್ದ,
ಬೂದುಬಣ್ಣದ ಉಪ್ಪು, ಆಗರದ ಕೆಸರಿನ್ನೂ ಬಿಡದ್ದು.
ಉಜ್ಜಿ ಉಜ್ಜಿ ನಡುವೆ ತಗ್ಗಾಗಿತ್ತು ಕೊರಡು,
ಎರಡು ಬೊಗಸೆ ನೀರು ನಿಲ್ಲುವಷ್ಟು.

ಯಾಜಕನಿಗೆ ಪಾಲುಂಟು: ಎದೆ, ಬಲತೊಡೆ.
ಪಪ್ಪಾನಿಗೆ ಕುತ್ತಿಗೆಯ ತುಂಡು,
ಯಾರೂ ಬೇಡವೆಂದ ನಾಲ್ಕು ಎಲುಬು.
ಬಾಳೆಎಲೆಯಲ್ಲಿ ಸುತ್ತಿ ಸೈಕಲ್ಲಿನ ಹ್ಯಾಂಡಲಿಗೆ.
ದೂರದಿಂದಲೇ ಗಂಟೆ ಬಾರಿಸುತ್ತಿದ್ದ,
ಅಷ್ಟರೊಳಗೆ ಮಾಯ್ ಕಾಯಿ ಅರೆದಿರಬೇಕು.

ಪಾಠದಲ್ಲಿಲ್ಲದ್ದನ್ನು ಹೇಳಿದೆ ಆಗ ಮಕ್ಕಳಿಗೆ.

ಹಿರಿಯ ಯಾಜಕನ ಇಬ್ಬರು ಗಂಡುಮಕ್ಕಳು
ಒಂದೇ ದಿನ ಬೆಂಕಿಗೆ ಹೋದರು.
ಅವನು ಬಾಯಿ ಬಿಡಲಿಲ್ಲ.
ಬಟ್ಟೆ ಹರಿದುಕೊಳ್ಳಬಾರದು, ಕೂದಲು ಕೆದರಬಾರದು,
ಬಾಗಿಲು ಬಿಟ್ಟು ಹೋಗಬಾರದು,
ತಲೆಯ ಮೇಲೆ ಅಭಿಷೇಕದ ಎಣ್ಣೆಯಿದೆ.
ಅಂದು ಜನರ ಪಾಪಕ್ಕೆ ಕೊಟ್ಟ ಹೋತವಿತ್ತು.
ಅದನ್ನು ತಿನ್ನುವುದೂ ಕೆಲಸವೇ;
ಊರಿನ ತಪ್ಪು ಅವನ ಬಾಯಿಂದಲೇ ಇಳಿದು ಹೋಗಬೇಕು.
ತಿನ್ನಲಿಲ್ಲ.
ಕೇಳಲು ಬಂದ ತಮ್ಮ ಸಿಟ್ಟಾಗಿ ಬಂದವನು
ಅಣ್ಣನ ಒಂದು ಮಾತು ಕೇಳಿ ಸುಮ್ಮನೆ ತಿರುಗಿ ಹೋದ.

ಮಕ್ಕಳಿಗೆ ಹೇಳದೆ ಬಿಟ್ಟದ್ದು:
ಬೈತಖೋಲದಿಂದ ಹೋದ ದೋಣಿ ಬಂತು, ಲೂಸಿಯಾನ್ ಬರಲಿಲ್ಲ.
ಮೂರನೆಯ ದಿನ ಭಾನುವಾರ.
ಯಾರದೋ ಮಗುವಿನ ನಾಮಕರಣಕ್ಕೆ
ಮೊದಲೇ ಒಪ್ಪಿದ್ದ ಮೂವತ್ತು ಕಿಲೋ.
ಪಪ್ಪಾ ಅಂಗಡಿ ತೆರೆದ. ಕಡಿದ, ತೂಗಿದ, ಚಿಲ್ಲರೆ ಕೊಟ್ಟ.
ಕೊರಡಿಗೆ ಉಪ್ಪು ಹಾಕಿ ಎಂದಿನಷ್ಟೇ ಹೊತ್ತು ಉಜ್ಜಿದ.
ಸೈಕಲ್ಲು ತಳ್ಳಿಕೊಂಡು ಬಂದ, ಗಂಟೆಯಿಲ್ಲ,
ಹ್ಯಾಂಡಲಿನಲ್ಲಿ ಏನೂ ಇಲ್ಲ.
ಅಭ್ಯಾಸಬಲದಿಂದ ಮಾಯ್ ಕಾಯಿ ಅರೆದಿಟ್ಟಿದ್ದಳು.
ಒಬ್ಬರನ್ನೊಬ್ಬರು ಏನೂ ಕೇಳಲಿಲ್ಲ.
ಬೆಳಗಿನವರೆಗೂ ಕಲ್ಲಿನ ಮೇಲಿದ್ದ ಮಸಾಲೆಗೆ ಇರುವೆ.

ಹಾಗಾದರೆ ಆ ಮಾಂಸ ಏನಾಯ್ತು ಟೀಚರ್?
ಪೂರ್ತಿ ಸುಟ್ಟಿತು, ಅಂದೆ.

ರೋಯ್ಲಾಳ ಪಟ್ಟಿಯಲ್ಲಿ ಕುರಿಗೆ ಐದು ಕಾಲು.
ಒಂದು ಅಳಿಸು ಅಂದರೆ ರಬ್ಬರು ಮುಚ್ಚಿಟ್ಟಳು:
ಅದು ಕಾಲಲ್ಲ, ಟೀಚರ್.
ತಲೆ ಮೇಲೆ ಇಟ್ಟ ಕೈ.
ಮನುಷ್ಯನಿಗೆ ಜಾಗ ಸಾಲಲಿಲ್ಲ.