ಹತ್ತು ಪೈಸೆ

ಬೆಂದೂರಿನ ಐಸ್‌ಕ್ರೀಂ ಅಂಗಡಿಯಲ್ಲಿ
ನಾವು ನಾಲ್ವರು, ಮೂವತ್ತೆಂಟು ವರ್ಷದ ಮೇಲೆ.

ಗಂಟೆ ಹೊಡೆಯುತ್ತಿದ್ದದ್ದು ಪೌಲಣ್ಣ ಅಂತ ಅಪೊಲಿನ್,
ಅಲ್ಲ, ಅವನ ತಮ್ಮ ಅಂತ ಝುಲೇಖಾ.
ಮೂರನೇ ಪಿರಿಯಡಿಗೆ ಅವರು ದೊತೊರ್ನಿಗೆ,
ನಾವು ಬಾದಾಮಿ ಮರದಡಿ ನೀತಿಪಾಠಕ್ಕೆ;
ಕಿಟಕಿಯಿಂದ ಕೇಳಿ ಕೇಳಿ ಅವರ ಹತ್ತು ಕಟ್ಟಳೆ
ನನಗೇ ಮೊದಲು ಬಾಯಿಪಾಠ.

ತುಳು ಆಡಿದರೆ ಹತ್ತು ಪೈಸೆ ದಂಡ,
ಸಿಸ್ಟರ್ ಬೆನಿಗ್ನಾರ ಬಿಸ್ಕೆಟ್ ಡಬ್ಬಿಗೆ.
ಕೊಂಕಣಿಗೂ ಅಷ್ಟೇ. ಪಕ್ಷಪಾತ ಇರಲಿಲ್ಲ.

ಬೊಕ್ಕಪಟ್ಣದ ಕಮಲಾಕ್ಷಿ ಮಾತ್ರ
ಒಂದು ಪೈಸೆ ಕಟ್ಟಲಿಲ್ಲ.
ಇಡೀ ಎರಡನೇ ಕ್ಲಾಸು ಬಾಯಿ ಬಿಡಲಿಲ್ಲ.
ಮೂಗಿ ಅಂದುಕೊಂಡಿದ್ದೆವು,
ಅಂದೂ ಇದ್ದೆವು.

ಇವತ್ತು ಅವಳು ಪರ್ಸು ತೆರೆದು
ಐದು ರೂಪಾಯಿ ಮೇಜಿಗಿಟ್ಟಳು:
ಐವತ್ತು ಮಾತಿಗೆ ಮುಂಗಡ.
'ಇತ್ತೆ ಕೇನ್ಲೆ' ಅಂದಳು.

ಅಪೊಲಿನಳ ಗಡ್‌ಬಡ್ ಕರಗಿ
ಜೆಲ್ಲಿ ತೇಲತೊಡಗಿತು.
ಚಮಚ ಯಾರೂ ಮುಟ್ಟಲಿಲ್ಲ.